ಹೆಚ್ಚಿದ ಬಳೆ

ನಮ್ಮ ಮನೆಯಲ್ಲಿ ಮೂರು ವಾರದಿಂದ ಒಗ್ಗರಣೆಗೆ ಸಾಸಿವೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಹೇಳಹೊರಟಿರುವುದು ಮಿದುಳು, ಕಾನೂನು, ನ್ಯಾಯಾಲಯ ಎಂಬ ದೊಡ್ಡ ದೊಡ್ಡ ವಿಷಯ. ಅವುಗಳ ಗದ್ದಲದಲ್ಲಿ ಸಾಸಿವೆಯನ್ನು ನೀವು ಮರೆಯಬಾರದು. ನಾನು ಮರೆತದ್ದರಿಂದಲೇ ಇಷ್ಟೆಲ್ಲ ಆಯಿತು.

ಈಗ ಎಲ್ಲರ ಮನೆಯಲ್ಲಿ ಇರುವಂತೆ ನಮ್ಮ ಅಡುಗೆಮನೆಯ ಗೋಡೆಯಲ್ಲೂ ಒಂದು ‘ಉಗ್ರಾಣಿ’ ಇದೆ. ಮನೆಯವರ ಮಾತು ಕೇಳಿಸಿಕೊಂಡು, ಏನು ಮುಗಿದಿದೆ ಎಂದು ತಿಳಿದು, ತಾನೇ ಅಂಗಡಿಗೆ ಹೇಳಿ ತರಿಸುವ ಯಂತ್ರ. ‘ಸಕ್ಕರೆ ಖಾಲಿ’ ಎಂದು ಗೊಣಗಿದರೆ ಸಾಕು, ಸಂಜೆಯೊಳಗೆ ಬಾಗಿಲಲ್ಲಿ ಸಕ್ಕರೆ. ಆರು ವರ್ಷ ಒಂದು ದಿನವೂ ತಪ್ಪದೆ ದುಡಿದ ಈ ಯಂತ್ರ, ನಮ್ಮತ್ತೆ ತುರುವೇಕೆರೆಯಿಂದ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ ಕೆಟ್ಟುಹೋಯಿತು. ಮೊದಲು ಸಾಸಿವೆ ತರಿಸಲಿಲ್ಲ. ಆಮೇಲೆ ಉದ್ದಿನಬೇಳೆ ತರಿಸಲಿಲ್ಲ. ಅದರ ಮುಂದೆ ನಿಂತು ದಿನಾ ಹೇಳುತ್ತಲೇ ಇದ್ದೇನೆ ಎಂದರು ಅತ್ತೆ. ನಾನು ಕಂಪನಿಗೆ ಎರಡು ಖಾರವಾದ ದೂರು ಬರೆದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ನಾನು ಆ ಅಡುಗೆಮನೆಗೆ ಹೆಚ್ಚುಕಡಿಮೆ ನೆಂಟಳು. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗುತ್ತಿರಲಿಲ್ಲ.

ಕೆಲಸದ ವಿಷಯದಲ್ಲಿ ಮಾತ್ರ ನಾನು ನೆಂಟಳಲ್ಲ. ನನ್ನ ಹೆಸರು ಕುಮುದಾ. ನಮ್ಮ ಜಿಲ್ಲೆಯ ಸಾಮರ್ಥ್ಯ ಮಾಪನ ಕೊಠಡಿಗೆ ನಾನೇ ಮುಖ್ಯಸ್ಥೆ. ಪಾರ್ಶ್ವವಾಯು ಬಡಿದೋ ಅಪಘಾತವಾಗಿಯೋ ವಯಸ್ಕರೊಬ್ಬರಿಗೆ ತಮ್ಮ ವಿಷಯ ತಾವೇ ತೀರ್ಮಾನಿಸುವ ಶಕ್ತಿ ಹೋಗಿದೆ ಎಂದು ಮನೆಯವರು ಅರ್ಜಿ ಹಾಕಿದರೆ, ನ್ಯಾಯಾಲಯ ಅವರನ್ನು ನಮ್ಮಲ್ಲಿಗೆ ಕಳಿಸುತ್ತದೆ. ನಾವು ಅಳೆಯುತ್ತೇವೆ. ನೂರಕ್ಕೆ ಅರವತ್ತು ಬಂದರೆ ಅವರ ಬದುಕು ಅವರದು. ಅದಕ್ಕಿಂತ ಕಡಿಮೆಯಾದರೆ ಪಾಲಕರ ನೇಮಕ. ಅಲ್ಲಿಂದ ಮುಂದೆ ಎಲ್ಲಿ ಇರಬೇಕು, ಏನು ಕೆಲಸ ಮಾಡಬೇಕು, ಯಾವ ಚಿಕಿತ್ಸೆ ಬೇಕು ಎಂಬುದಕ್ಕೆಲ್ಲ ಪಾಲಕರ ರುಜು. ಪೇಟೆಯ ಜನ ಇದಕ್ಕೆ ‘ಮೈನರ್ ಮಾಡೋದು’ ಎನ್ನುತ್ತಾರೆ. ಕಾನೂನಿನ ಪುಸ್ತಕದಲ್ಲಿ ಹದಿನಾಲ್ಕು ಪುಟ ಹಿಡಿದಿರುವ ಸಂಗತಿ ಆ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ.

ಅಳೆಯುವ ಯಂತ್ರದ ಸರ್ಕಾರಿ ಹೆಸರು ಸಂಕಲ್ಪ ಮಾಪಕ. ನಾವು ತಕ್ಕಡಿ ಎನ್ನುತ್ತೇವೆ. ತಲೆಗೆ ಬಲೆಯಂಥ ಒಂದು ಟೋಪಿ ಹಾಕುತ್ತೇವೆ. ಬಾಯಿ ಮಾತಾಡುವ ಮೊದಲು ಮಿದುಳಿನಲ್ಲಿ ಆ ಮಾತಿನ ಅರ್ಥ ಮೂಡುತ್ತದಲ್ಲ, ಅದನ್ನು ಟೋಪಿ ಓದುತ್ತದೆ. ಆಮೇಲೆ ಬಾಯಿಂದ ಬಂದ ಮಾತನ್ನು ಕೇಳಿಸಿಕೊಳ್ಳುತ್ತದೆ. ಎರಡೂ ಹೊಂದಿದರೆ ಪರದೆಯಲ್ಲಿ ಹಸಿರು, ಹೊಂದದಿದ್ದರೆ ಕೆಂಪು. ಪಾರ್ಶ್ವವಾಯು ಆದ ಕೆಲವರಲ್ಲಿ ಮನಸ್ಸು ‘ಬೇಡ’ ಎಂದುಕೊಂಡರೆ ಬಾಯಿ ‘ಬೇಕು’ ಎನ್ನುತ್ತದೆ. ಅಂಥವರಿಂದ ಯಾರು ಯಾವ ಕಾಗದಕ್ಕೆ ಬೇಕಾದರೂ ಒಪ್ಪಿಗೆ ಪಡೆಯಬಹುದು. ತಕ್ಕಡಿ ಬಂದ ಮೇಲೆ ಆ ಮೋಸ ನಿಂತಿತು. ಜೊತೆಗೆ ಅದು ಇನ್ನೊಂದನ್ನೂ ಗುರುತಿಸುತ್ತದೆ: ಮನುಷ್ಯ ಎರಡು ದಾರಿ ಕಂಡು, ಇದರಿಂದ ಏನು ಬರುತ್ತದೆ, ಅದರಿಂದ ಏನು ಹೋಗುತ್ತದೆ ಎಂದು ತೂಗಿದರೆ, ಪರದೆಯ ಕೆಳಗೆ ಒಂದು ಗೆರೆ ಏರುತ್ತದೆ. ಅದು ತೂಗುಗೆರೆ. ನ್ಯಾಯಾಧೀಶರ ಕಣ್ಣೆದುರೇ ಏರಿದರೆ ಮಾತ್ರ ಆ ಗೆರೆಗೆ ಬೆಲೆ, ಆಗ ಅಂಕ ಅರವತ್ತು ಮುಟ್ಟದಿದ್ದರೂ ಶಕ್ತಿ ಇದೆಯೆಂದೇ ಲೆಕ್ಕ ಎಂದು ನಿಯಮವಿದೆ. ಚಿತ್ರ ಕಂಡು ಹೆಸರು ಹೇಳುವುದರಲ್ಲಿ ತೂಗುವಂಥದ್ದೇನಿದೆ? ನಾನು ಈ ಕೊಠಡಿಗೆ ಬಂದ ಒಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಲಮೇಲಮ್ಮನನ್ನು ನಮ್ಮಲ್ಲಿಗೆ ಕರೆತಂದದ್ದು ಅವರ ತಮ್ಮ ವರದರಾಜು. ಅಲಮೇಲಮ್ಮನಿಗೆ ಐವತ್ತೆರಡು. ಪೇಟೆಬೀದಿಯಲ್ಲಿ ಬಳೆ ಅಂಗಡಿ. ಮೂರು ತಲೆಮಾರಿನಿಂದ ಅವರದು ಬಳೆ ತೊಡಿಸುವ ಮನೆತನ. ಗಂಡ ಹೋಗಿ ಹನ್ನೊಂದು ವರ್ಷವಾಗಿದೆ, ಮಕ್ಕಳಿಲ್ಲ. ಆರು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಬಲಗೈ ಸೋತಿತು, ಮಾತು ತಡವರಿಸತೊಡಗಿತು. ಆದರೂ ಮೂರನೆಯ ತಿಂಗಳೇ ಅಂಗಡಿ ತೆರೆದು ಕೂತಿದ್ದರು. ವರದರಾಜು ಅವರಿಗೆ ಅಕ್ಕ ಎಂದರೆ ಪ್ರಾಣ. ಒಲೆ ಹಚ್ಚಿ ಮರೆತರೆ? ಇನ್ನೊಂದು ಸಲ ಬಡಿದು ಬಿದ್ದರೆ? ಯಾರೋ ಬಂದು ಅಂಗಡಿ ಬರೆಸಿಕೊಂಡರೆ? ತಾನು ಪಾಲಕನಾದರೆ ಅಂಗಡಿ ಮುಚ್ಚಿಸಿ ತಿಪಟೂರಿನ ತನ್ನ ಮನೆಗೆ ಕರೆದೊಯ್ದು ಕಣ್ಣಿನ ರೆಪ್ಪೆಯಂತೆ ನೋಡಿಕೊಳ್ಳುತ್ತೇನೆ ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ಆ ಮನುಷ್ಯ ನಾಟಕ ಆಡುತ್ತಿರಲಿಲ್ಲ. ಅಲಮೇಲಮ್ಮ ಮಾತ್ರ ಪಕ್ಕದ ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ಬಲಗೈಯ ಬಳೆಗಳನ್ನು ಸರಿಪಡಿಸಿಕೊಳ್ಳುತ್ತ, ನನ್ನನ್ನೇ ನೋಡಿ ಒಂದೇ ಮಾತು ಹೇಳಿದರು. “ಅಂಗಡಿ... ನಂದು.”

ಮೂವತ್ತು ಚಿತ್ರ ತೋರಿಸಿದೆ. ಆಡುತ್ತಿರುವ ಮಗು, ಬೀಳುತ್ತಿರುವ ಮಳೆ, ತುಂಬಿದ ಬಸ್ಸು, ಎಲ್ಲ ಸರಿ. ಒಂದೊಂದು ಮಾತಿಗೂ ಹೆಣಗುತ್ತಿದ್ದರು, ಆದರೆ ಬಂದ ಮಾತು ಸರಿಯಾಗಿಯೇ ಬರುತ್ತಿತ್ತು. ನಡುನಡುವೆ ಮಾತ್ರ ಕೆಂಪು ಹೊತ್ತಿಕೊಳ್ಳುತ್ತಿತ್ತು. ಅಕ್ಕಿಯ ಖಾಲಿ ಡಬ್ಬಿ ತೋರಿಸಿದರೆ “ಅಕ್ಕಿ ಹೆಚ್ಚೈತೆ” ಎಂದರು. ಆರಿದ ದೀಪ ತೋರಿಸಿದರೆ “ದೀಪ ದೊಡ್ಡದಾಗೈತೆ.” ಮನೆಯವರಿಗೆ ಕೈಬೀಸಿ ಹೊರಟ ಮನುಷ್ಯನನ್ನು ತೋರಿಸಿದರೆ “ಬತ್ತಾವ್ನೆ.” ಎರಡು ತುಂಡಾದ ಬಳೆ ತೋರಿಸಿದಾಗ, ಬಳೆಗಾರ್ತಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇಕೆ ಎಂದುಕೊಂಡೆ. “ಬಳೆ ಹೆಚ್ಚೈತೆ” ಎಂದರು. ಮನಸ್ಸಿನಲ್ಲಿ ಒಡೆದದ್ದು ಮೂಡಿತ್ತು. ಟೋಪಿ ಅದನ್ನು ಚೆನ್ನಾಗಿಯೇ ಓದಿತ್ತು. ಬಾಯಿ ಉಲ್ಟಾ ಹೇಳಿತು. ಕೆಂಪಿಗೆ ಸೊನ್ನೆ, ಸರಿಯಿದ್ದರೂ ತಡವಾದ ಉತ್ತರಕ್ಕೆ ಅಂಕ ಕಡಿತ; ಕೊನೆಗೆ ಬಂದ ಅಂಕ ನಲವತ್ತಮೂರು.

ಆ ಸಂಜೆ ನಾನು ಅವರ ಉತ್ತರಗಳ ಪಟ್ಟಿ ಹಿಡಿದು ಕೂತೆ. ತಪ್ಪಾದವೆಲ್ಲ ಒಂದೇ ಜಾತಿಯವು: ಖಾಲಿಯಾದದ್ದು, ಒಡೆದದ್ದು, ಆರಿದ್ದು, ಹೋದದ್ದು. ಜಗತ್ತಿನ ಬೇರೆಲ್ಲ ಸಂಗತಿಗಳಿಗೂ ಸರಿಯಾದ ಮಾತಿದೆ, ಇಲ್ಲವಾದದ್ದಕ್ಕೆ ಮಾತ್ರ ಇಲ್ಲ. ನನಗೆ ಮೈ ಜುಮ್ಮೆಂದಿತು. ಇಂಥ ಲಕ್ಷಣವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮಿದುಳಿನಲ್ಲಿ ಅಭಾವಕ್ಕೇ ಒಂದು ಜಾಗವಿರಬೇಕು, ಅದಕ್ಕೆ ಪೆಟ್ಟು ಬಿದ್ದಿರಬೇಕು ಎಂದು ಲೆಕ್ಕ ಹಾಕಿದೆ. ಲೆಕ್ಕ ಹಾಕಿ ಸುಮ್ಮನಿರಲಿಲ್ಲ. ಅದಕ್ಕೊಂದು ಹೆಸರನ್ನೂ ಇಟ್ಟೆ, ‘ಅಭಾವ ವಿಪರ್ಯಯ’ ಎಂದು. ಸಂಶೋಧನಾ ಪತ್ರಿಕೆಗೆ ಕಳಿಸಲು ಒಂದೂವರೆ ಪುಟ ಬರೆದೂಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಭಾನುವಾರ ಬೆಳಿಗ್ಗೆ ಉಗ್ರಾಣಿಯ ಕಳ್ಳತನ ಹಿಡಿಯಲೆಂದು ಅಡುಗೆಮನೆಯಲ್ಲಿ ನಿಂತೆ. ಮೂರನೆಯ ದೂರಿಗೆ ಸಾಕ್ಷಿ ಬೇಕಿತ್ತು. ಅತ್ತೆ ಸಾಸಿವೆ ಡಬ್ಬಿಯ ಮುಚ್ಚಳ ತೆಗೆದು, ಅದರ ತಳವನ್ನು ಗೋಡೆಯ ಯಂತ್ರಕ್ಕೆ ತೋರಿಸಿ, ಸ್ಪಷ್ಟವಾಗಿ ಹೇಳಿದರು.

“ಏನಪ್ಪಾ, ಸಾಸಿವೆ ಹೆಚ್ಚಿದೆ ಅಂತ ನಿನಗೆ ಎಷ್ಟು ಸಲ ಹೇಳೋದು?”

ಉಗ್ರಾಣಿ ಬಹಳ ವಿನಯದಿಂದ ಉತ್ತರ ಕೊಟ್ಟಿತು. ಸಾಸಿವೆ ಹೆಚ್ಚಾಗಿರುವುದನ್ನು ಗುರುತು ಮಾಡಿಕೊಂಡಿದ್ದೇನೆ, ಮುಂದಿನ ತಿಂಗಳೂ ತರಿಸುವುದಿಲ್ಲ ಎಂದಿತು. ನಾನು ಗೊಳ್ಳೆಂದು ನಕ್ಕೆ. ನಗು ಅರ್ಧಕ್ಕೇ ನಿಂತಿತು. ನನ್ನ ಮುಖ ನೋಡಿ ಅತ್ತೆ ಗಾಬರಿಯಾಗಿ ಕುರ್ಚಿ ಎಳೆದುಕೊಟ್ಟರು.

ಖಾಲಿ ಡಬ್ಬಿ ಹಿಡಿದು ಹೆಚ್ಚಿದೆ ಎನ್ನುತ್ತೀರಲ್ಲ, ಯಾಕೆ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಮನೇಲಿ ಇಲ್ಲ ಅನ್ನಬಾರದು ಕಣೆ. ಅಸ್ತು ದೇವತೆಗಳು ಅಸ್ತು ಅಂದ್ಬಿಡ್ತಾರೆ. ಅಕ್ಕಿ ಹೆಚ್ಚಿದೆ, ದೀಪ ದೊಡ್ಡದಾಯ್ತು, ಬಳೆ ಹೆಚ್ಚಿತು, ಹಾಗೇ ಅನ್ನೋದು. ನಿಮ್ಮಮ್ಮ ಹೇಳಿಕೊಡ್ಲಿಲ್ವೆ?”

ಹೇಳಿಕೊಟ್ಟಿದ್ದರು. ಎಂಟು ವರ್ಷದವಳಿದ್ದಾಗ ಬಚ್ಚಲಲ್ಲಿ ಕೈ ತಾಗಿ ಬಳೆ ಹೋದಾಗ, ಅಮ್ಮಾ ಬಳೆ ಒಡೀತು ಎಂದು ಕೂಗಿ ತಲೆಯ ಮೇಲೆ ಮೊಟಕಿಸಿಕೊಂಡಿದ್ದೆ. ಬಳೆ ಹೆಚ್ಚಿತು ಅನ್ನು ಎಂದು ಮೂರು ಸಲ ಅನ್ನಿಸಿದ್ದರು. ತಕ್ಕಡಿಗೆ ಕನ್ನಡ ಕಲಿಸಿದವರು ವಾರ್ತೆ, ಪಠ್ಯಪುಸ್ತಕ, ಸರ್ಕಾರಿ ಸುತ್ತೋಲೆ ಎಲ್ಲ ತಿನ್ನಿಸಿದ್ದರು. ಅದಕ್ಕೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತವಳು ಗೊತ್ತಿಲ್ಲದ ಯಂತ್ರಕ್ಕಿಂತ ಕಡೆ. ಅಭಾವ ವಿಪರ್ಯಯ ಇದ್ದದ್ದು ಅಲಮೇಲಮ್ಮನಿಗಲ್ಲ, ನನಗೆ. ಒಂದೂವರೆ ಪುಟವನ್ನು ಹರಿದು ಎಸೆದು, ಅತ್ತೆಯ ಪರವಾಗಿ ನಾನೇ ಗೋಡೆಯ ಮುಂದೆ ನಿಂತು “ಸಾಸಿವೆ ಖಾಲಿ” ಎಂದೆ. ಅತ್ತೆ ಕಿವಿ ಮುಚ್ಚಿಕೊಂಡರು.

ತಪ್ಪು ತಿಳಿದ ಮಾತ್ರಕ್ಕೆ ಅಂಕ ತಿದ್ದುವ ಹಾಗಿರಲಿಲ್ಲ. ತಕ್ಕಡಿಯ ಪದಕೋಶಕ್ಕೆ ಕಾನೂನಿನ ಮೊಹರಿದೆ. ವರ್ಷಕ್ಕೆರಡು ಸಲ ಸೇರುವ ಸಮಿತಿಯೇ ಅದನ್ನು ಮುಟ್ಟಬೇಕು. ವಿಚಾರಣೆ ಇದ್ದದ್ದು ಗುರುವಾರ. ನಿಯಮದಲ್ಲಿ ಉಳಿದಿದ್ದ ದಾರಿ ಒಂದೇ: ನ್ಯಾಯಾಧೀಶರ ಎದುರು ಒಂದು ಸಲ ಮರುಪರೀಕ್ಷೆ. ಚಿತ್ರಗಳು ಅವೇ, ಸರಿಯುತ್ತರಗಳೂ ಅವೇ. ನನಗೆ ಧೈರ್ಯ ಬಂತು. ಆ ಹೆಂಗಸಿಗೆ ಒಡೆದದ್ದನ್ನು ಒಡೆದದ್ದು ಅನ್ನಿ ಎಂದರೆ ಆಯಿತು. ಕಡ್ಡಿ ಮುರಿದಷ್ಟು ಸುಲಭ.

ಸೋಮವಾರ ಮಧ್ಯಾಹ್ನ ಪೇಟೆಬೀದಿಗೆ ಹೋದೆ. ಅಂಗಡಿ ಎಂದರೆ ಎಂಟಡಿ ಅಗಲದ ಜಾಗ, ಗೋಡೆಯುದ್ದಕ್ಕೂ ಬಳೆಯ ಡಬ್ಬಿಗಳು. ಮದುವೆ ಹುಡುಗಿಯೊಬ್ಬಳು ಕೈ ಚಾಚಿ ಕೂತಿದ್ದಳು. ಅಲಮೇಲಮ್ಮ ತಮ್ಮ ಸೋತ ಬಲಗೈಯನ್ನು ಆ ಹುಡುಗಿಯ ಮುಂಗೈಯಡಿ ದಿಂಬಿನಂತೆ ಇಟ್ಟು, ಎಡಗೈಯಿಂದ ಬೆರಳ ಗೆಣ್ಣುಗಳನ್ನು ಒತ್ತಿ ಮಡಚಿ, ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸುತ್ತಿದ್ದರು. ಹುಡುಗಿಗೆ ನೋವೇ ಆಗಲಿಲ್ಲ. ಯಾವ ಕೈಗೆ ಯಾವ ಅಳತೆ ಎಂದು ಅವರು ಕೇಳುತ್ತಲೂ ಇರಲಿಲ್ಲ, ಮುಟ್ಟಿದರೆ ತಿಳಿಯುತ್ತಿತ್ತು. ಇವರಿಗೆ ನಾನು ನಲವತ್ತಮೂರು ಕೊಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹುಡುಗಿ ಹೋದ ಮೇಲೆ ಎಲ್ಲ ಬಿಡಿಸಿ ಹೇಳಿದೆ. ತಪ್ಪು ನಮ್ಮದು, ನಿಮ್ಮದಲ್ಲ. ಗುರುವಾರ ಒಂದು ದಿನದ ಮಟ್ಟಿಗೆ ಖಾಲಿಯನ್ನು ಖಾಲಿ, ಒಡೆದದ್ದನ್ನು ಒಡೆದದ್ದು ಎಂದುಬಿಡಿ. ಅಂಗಡಿ ಉಳಿಯುತ್ತದೆ ಎಂದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಖಾಲಿ ಅನ್ನೋಣ, ಆರಿತು ಅಂತಲೂ ಅನ್ನೋಣ, ಅದಕ್ಕೇನಂತೆ ಎಂಬಂತೆ ತಲೆಯಾಡಿಸಿದರು. ಆಮೇಲೆ ತಮ್ಮ ಕೈಯ ಬಳೆ ಮುಟ್ಟಿ ತೋರಿಸಿ, ಇದೊಂದು ಆಗುವುದಿಲ್ಲ ಎಂದು ಎಡಗೈ ಆಡಿಸಿದರು. ನಾನು ಎರಡು ಸಲ ಹೇಳಿದೆ, ಮೂರು ಸಲ ಹೇಳಿದೆ. ಆ ಬಳೆಯ ಪ್ರಶ್ನೆ ಸಣ್ಣದಲ್ಲ. ಅವರ ಕಸುಬಿನ ವಸ್ತುವಾದ್ದರಿಂದ ಅದಕ್ಕೆ ನಾಲ್ಕರಷ್ಟು ತೂಕ, ಅದೊಂದು ಕೆಂಪಾದರೆ ಅರವತ್ತು ಮುಟ್ಟುವುದು ಕಷ್ಟ ಎಂದೂ ವಿವರಿಸಿದೆ. ಕೊನೆಗೆ ಸಿಟ್ಟು ಬಂದು, ಇಷ್ಟು ಹಟ ಯಾಕೆ, ಒಂದು ಮಾತಿಗೆ ಯಾರಾದರೂ ಬದುಕು ಕಳೆದುಕೊಳ್ಳುತ್ತಾರೆಯೆ ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಬರಿಗೈ ಎಳೆದುಕೊಂಡು ಅರ್ಧ ಡಜನ್ ಕಪ್ಪು ಬಳೆ ತೊಡಿಸಿ ಕಳಿಸಿದರು.

ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ಪಾಲಕರ ಅರ್ಜಿಗಳನ್ನು ಸಣ್ಣ ಕೋಣೆಯಲ್ಲೇ ಕೇಳುತ್ತಾರೆ. ಒಂದು ಕಡೆ ನ್ಯಾಯಾಧೀಶೆ, ಅವರ ಎಡಕ್ಕೆ ಬೆರಳಚ್ಚಿನ ಗುಮಾಸ್ತ, ಎದುರಿಗೆ ಟೋಪಿ ಹಾಕಿಕೊಂಡ ಅಲಮೇಲಮ್ಮ, ಪಕ್ಕದಲ್ಲಿ ವರದರಾಜು. ನಾನು ತಕ್ಕಡಿಯ ಹಿಂದೆ ನಿಂತಿದ್ದೆ. ಹೆಚ್ಚಿದೆ ಎಂದರೆ ಏನರ್ಥ ಎಂದು ನ್ಯಾಯಾಧೀಶೆಗೆ ಮೊದಲೇ ಬರೆದು ಕೊಟ್ಟಿದ್ದೆ. ಅವರು ಓದಿ, ನಂಬುತ್ತೇನೆ, ಆದರೆ ಅಂಕವನ್ನು ನಾನು ನಂಬಿಕೆಯ ಮೇಲೆ ತಿದ್ದಲಾರೆ ಎಂದರು. ಅವರು ಹೇಳಿದ್ದು ಸರಿಯೇ.

ಚಿತ್ರಗಳು ಶುರುವಾದವು. ಮಗು, ಮಳೆ, ಬಸ್ಸು. ಡಬ್ಬಿ ಬಂದಾಗ ಅಲಮೇಲಮ್ಮ ಕಣ್ಣು ಮುಚ್ಚಿ, ದೇವರಿಗೆ ತಪ್ಪೊಪ್ಪಿಕೊಂಡವರಂತೆ ಕೆನ್ನೆ ಮುಟ್ಟಿಕೊಂಡು “ಖಾಲಿ” ಎಂದರು. ಹಸಿರು. ದೀಪ ಆರಿತು, ಹಸಿರು. ವರದರಾಜು ನನ್ನನ್ನೂ ಪರದೆಯನ್ನೂ ಬಾರಿಬಾರಿಗೂ ನೋಡುತ್ತಿದ್ದರು. ಅಂಕ ಐವತ್ತೆಂಟಕ್ಕೆ ಬಂದು ನಿಂತಿತು. ಉಳಿದದ್ದು ಒಂದೇ ಚಿತ್ರ. ಎರಡು ತುಂಡಾದ ಹಸಿರು ಗಾಜಿನ ಬಳೆ.

ಅಲಮೇಲಮ್ಮ ತಮ್ಮ ಕೈಯ ಬಳೆಗಳನ್ನು ಹಿಡಿದುಕೊಂಡು ಚಿತ್ರವನ್ನೇ ನೋಡಿದರು. ನ್ಯಾಯಾಧೀಶೆ ಮೃದುವಾಗಿ ಕೇಳಿದರು, ಇದೇನೆಂದು ಗೊತ್ತಾಗುತ್ತಿಲ್ಲವೆ ಎಂದು.

“ಗೊತ್ತು ತಾಯಿ,” ಎಂದರು ಅಲಮೇಲಮ್ಮ. ಮುಂದಿನ ಮಾತುಗಳನ್ನು ಒಂದೊಂದಾಗಿ ಎತ್ತಿ ಇಟ್ಟರು. “ಆ ಮಾತು... ಗೊತ್ತು. ಅಂದ್ರೆ ಅಂಗಡಿ... ಉಳೀತೈತೆ. ಅನ್ನದಿದ್ರೆ ಹೋಯ್ತದೆ. ಅದೂ ಗೊತ್ತು.” ತಮ್ಮನ ಕಡೆ ಒಮ್ಮೆ ನೋಡಿದರು. “ಅನ್ನಾಕಿಲ್ಲ.”

ನಾನು ಪರದೆ ನೋಡಿದೆ. ಒಂಬತ್ತು ವರ್ಷದಲ್ಲಿ ಕಾಣದ್ದು ಕಂಡಿತು. ತೂಗುಗೆರೆ ಮೇಲಕ್ಕೆ ಹೊರಟಿತ್ತು. ಅಂಗಡಿ ಒಂದು ಕಡೆ, ಮಾತು ಒಂದು ಕಡೆ. ಎರಡನ್ನೂ ಎದುರಿಗಿಟ್ಟುಕೊಂಡು, ಎರಡರ ಬೆಲೆಯನ್ನೂ ತಿಳಿದು, ಆ ಹೆಂಗಸು ತೂಗಿದ್ದರು. ಗೆರೆ ಪರದೆಯ ಅಂಚು ಮುಟ್ಟಿ ನಿಂತಿತು. ಹೊಂದಿಕೆಯ ದೀಪ ಹಸಿರಾಗಿತ್ತು. ಮಾತಿಗೂ ಮನಸ್ಸಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ನಾನು ತಕ್ಕಡಿಯನ್ನು ನ್ಯಾಯಾಧೀಶೆಯ ಕಡೆ ತಿರುಗಿಸಿ, ಆ ಗೆರೆ ಏನೆಂದು ಹೇಳಿದೆ.

ನ್ಯಾಯಾಧೀಶೆ ಮುಂದಕ್ಕೆ ಬಾಗಿ ಗೆರೆಯನ್ನು ನೋಡಿದರು. ಆ ಮಾತನ್ನು ಯಾಕೆ ಆಡುವುದಿಲ್ಲ ಎಂದು ಅಲಮೇಲಮ್ಮನನ್ನು ಕೇಳಿದರು. ಅಲಮೇಲಮ್ಮ ಇನ್ನೂ ಮಾತು ಹುಡುಕುತ್ತಿದ್ದರು. ಉತ್ತರ ಬಂದದ್ದು ಪಕ್ಕದ ಕುರ್ಚಿಯಿಂದ.

“ನಾನ್ ಹೇಳ್ತೀನಿ ತಾಯಿ,” ಎಂದು ವರದರಾಜು ಎದ್ದು ನಿಂತರು. ಭಾವ ತೀರಿಕೊಂಡ ಹತ್ತನೆಯ ದಿನ ನೆಂಟರ ಹೆಂಗಸರು ಅಕ್ಕನ ಬಳೆ ತೆಗೆಸಲು ಬಂದರಂತೆ. ಒಡೀರಿ, ಒಡೀರಿ ಎಂದು ಆರು ಜನ ಬಾಗಿಲಾಚೆ ನಿಂತು ಕೂಗಿದರಂತೆ. ಅಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡು, ಇದು ಊರ ಹೆಣ್ಣುಮಕ್ಕಳಿಗೆ ಬಳೆ ತೊಡಿಸುವ ಕೈ, ಬರಿದಾಗುವುದಿಲ್ಲ ಎಂದಳಂತೆ. ಆ ಮಾತನ್ನು ಈ ಮನೆಯಲ್ಲಿ ಇನ್ನು ಯಾರೂ ಆಡಬಾರದು, ನಾನೂ ಆಡುವುದಿಲ್ಲ ಎಂದಳಂತೆ. “ಆವತ್ತು ಬಾಗಿಲಿಗೆ ಅಡ್ಡ ನಿಂತಿದ್ದೋನು ನಾನೇ ತಾಯಿ. ಒಬ್ಬರನ್ನೂ ಒಳಗೆ ಬಿಡಲಿಲ್ಲ.” ಇಷ್ಟು ಹೇಳಿದವರಿಗೆ ತಾನು ಯಾರ ಪರವಾಗಿ ಮಾತಾಡಿದೆ ಎಂದು ಆಗ ಹೊಳೆಯಿತು. ಕುರ್ಚಿಯಲ್ಲಿ ಕುಸಿದು ಕೂತರು.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು, ಕೊನೆಯದಾಗಿ ಕೇಳಲೇಬೇಕಾದ ಪ್ರಶ್ನೆ ಕೇಳಿದರು. “ಅಲಮೇಲಮ್ಮಾ, ನೀವೇ ಹೇಳಿ. ನಿಮಗೊಬ್ಬ ಪಾಲಕರು ಬೇಕೋ, ಬೇಡವೋ?”

ಅಲಮೇಲಮ್ಮ ತಮ್ಮನನ್ನು ನೋಡಿದರು. ತಲೆ ತಗ್ಗಿಸಿ ಕೂತಿದ್ದವನು ತವರಿನಲ್ಲಿ ಉಳಿದಿದ್ದ ಒಂದೇ ಜೀವ. ಪ್ರತಿ ವರ್ಷ ಗೌರಿ ಹಬ್ಬಕ್ಕೆ, ಬಳೆ ಮಾರುವ ಅಕ್ಕನಿಗೇ ಬೇರೆ ಅಂಗಡಿಯಿಂದ ಬಳೆ ಕೊಂಡು ತರುವ ಹುಚ್ಚ. ಅವನ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದು ಹೇಗೆ? ಅವರ ಮುಖದಲ್ಲಿ ನಗು ಮೂಡಿತು.

“ಪಾಲಕ್ರು...” ಎಂದು ತಡೆದು, “ಹೆಚ್ಚೈತೆ” ಎಂದರು.

ತಕ್ಕಡಿ ಕೆಂಪಾಯಿತು. ಗುಮಾಸ್ತ ಬೆರಳು ಎತ್ತಿಕೊಂಡು ಏನು ಬರೆಯಲಿ ಎಂಬಂತೆ ನೋಡಿದ. ನ್ಯಾಯಾಧೀಶೆ ನನ್ನ ಟಿಪ್ಪಣಿಯನ್ನು ಇನ್ನೊಮ್ಮೆ ಕಣ್ಣೆದುರು ಹಿಡಿದುಕೊಂಡರು, ತುಟಿ ಕಚ್ಚಿ ನಗು ತಡೆದರು. ಆಕೆ ಹೇಳಿದ ಹಾಗೇ ಬರೆಯಿರಿ, ಅರ್ಥ ನಾನು ಬರೆಯುತ್ತೇನೆ ಎಂದರು. ಮೊದಲು ನಕ್ಕವರು ವರದರಾಜು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಕ್ಕರು. ಆದೇಶ ನಾಲ್ಕೇ ಸಾಲಿನದು: ಪಾಲಕರ ನೇಮಕಕ್ಕೆ ಕಾರಣವಿಲ್ಲ, ತಮ್ಮ ವಾರಕ್ಕೊಮ್ಮೆ ಬಂದು, ಅಕ್ಕ ಕೇಳಿದ ಕೆಲಸದಲ್ಲಿ ನೆರವಾಗಬಹುದು, ಮಾಪಕದ ಪದಕೋಶವನ್ನು ಸಮಿತಿ ಮರುಪರಿಶೀಲಿಸಬೇಕು.

ಎಲ್ಲ ಮುಗಿದು ನಾನು ತಂತಿಗಳನ್ನು ಬಿಡಿಸತೊಡಗಿದೆ. ವರದರಾಜು ಚೀಲ ಹೆಗಲಿಗೇರಿಸಿಕೊಂಡರು. ಸೋತು ಗೆದ್ದ ಮನುಷ್ಯನ ಮುಖ ಹೇಗಿರುತ್ತದೋ ಹಾಗಿತ್ತು ಅವರದು. ಬಾಗಿಲವರೆಗೆ ಹೋಗಿ, ಹಿಂದಿರುಗಿ ನೋಡದೆ, “ಸರಿ ಅಕ್ಕ. ನಾನಿನ್ನ ಹೋಗ್ತೀನಿ” ಎಂದರು.

ಅಲಮೇಲಮ್ಮನ ತಲೆಯ ಮೇಲೆ ಟೋಪಿ ಇನ್ನೂ ಇತ್ತು. ಒಂದೊಂದು ಮಾತಿಗೂ ಹೆಣಗುತ್ತಿದ್ದ ಆ ಬಾಯಿ ಈ ಸಲ ಒಂದು ಕ್ಷಣವೂ ತಡೆಯಲಿಲ್ಲ.

“ಬತ್ತೀನಿ ಅನ್ನೋ.”

ಐದು ವರ್ಷದ ಹುಡುಗ ಅಕ್ಕನ ಗದರಿಕೆಗೆ ನಿಲ್ಲುವಂತೆ ವರದರಾಜು ಹೊಸ್ತಿಲ ಮೇಲೆ ನಿಂತರು. ಹಿಂದಿರುಗಿ ನೋಡಿದರು.

“ಬತ್ತೀನಿ ಅಕ್ಕ,” ಎಂದರು.